ಬೀಗ ಮಾಡುವವನ ಮಗ: ಜಾರ್ಜ್ ಸೈಮನ್ ಓಮ್

ದ್ವಿತೀಯ ಪಿಯುಸಿ ಭೌತಶಾಸ್ತ್ರದ ವಿದ್ಯುತ್ ಪ್ರವಾಹದ ಪಾಠದಲ್ಲಿ ಓಮ್ ಅವರ ಹೆಸರು ಒಂದು ನಿಯಮವಾಗಿ ಬರುತ್ತದೆ, ಒಂದು ಏಕಮಾನವಾಗಿ ಬರುತ್ತದೆ, ಪರೀಕ್ಷೆಯಲ್ಲಿ ಎರಡೋ ಮೂರೋ ಅಂಕದ ಪ್ರಶ್ನೆಯಾಗಿಯೂ ಬರುತ್ತದೆ. ಮನುಷ್ಯರಾಗಿ ಮಾತ್ರ ಬರುವುದಿಲ್ಲ. ಪಠ್ಯಪುಸ್ತಕಕ್ಕೆ ಅಷ್ಟು ಜಾಗವಿಲ್ಲ, ಅದನ್ನು ದೂರುವಂತಿಲ್ಲ. ಆದರೆ ಈಗ ನಮ್ಮ ಮುಳಬಾಗಿಲು ರಸ್ತೆಯಲ್ಲಿ ಸದ್ದಿಲ್ಲದೆ ಹಿಂದಿನಿಂದ ಬಂದು ಬೆಚ್ಚಿಬೀಳಿಸುವ ಎಲೆಕ್ಟ್ರಿಕ್ ಸ್ಕೂಟರ್‌ಗಳ ಬ್ಯಾಟರಿಯೊಳಗೆ ಏನು ನಡೆಯುತ್ತದೆ ಎಂದು ತಿಳಿಯಹೊರಟವರು ಮೊದಲು ಭೇಟಿಯಾಗಬೇಕಾದದ್ದು ಈ ಮನುಷ್ಯರನ್ನೇ. ಲಿಥಿಯಂ ಎಂಬ ಲೋಹದಿಂದ ಬ್ಯಾಟರಿ ಮಾಡಬಹುದು ಎಂದು ಯಾರೂ ಕನಸಿನಲ್ಲೂ ಎಣಿಸದ ಕಾಲದವರು ಅವರು.

ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗನ್ ಎಂಬ ಊರಿನಲ್ಲಿ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಬೀಗ ಮಾಡುವ ಕಸುಬಿನವರು. ತಾಯಿ ಒಬ್ಬ ದರ್ಜಿಯ ಮಗಳು. ಮಕ್ಕಳು ಹಲವರು ಹುಟ್ಟಿದರೂ ಬದುಕಿ ಉಳಿದವರು ಮೂವರು: ಜಾರ್ಜ್, ತಮ್ಮ ಮಾರ್ಟಿನ್, ತಂಗಿ ಎಲಿಜಬೆತ್. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿ ತೀರಿಕೊಂಡರು. ತಂದೆ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ, ಆದರೆ ತಾವೇ ಓದಿ ಓದಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ತತ್ತ್ವಶಾಸ್ತ್ರ ಎಲ್ಲವನ್ನೂ ಒಂದು ಮಟ್ಟಕ್ಕೆ ಕಲಿತಿದ್ದರು. ಹಗಲು ಅರ ಹಿಡಿದು ಕಬ್ಬಿಣ ಉಜ್ಜುವ ಕೈಯಿಂದಲೇ ಗಂಡುಮಕ್ಕಳಿಬ್ಬರಿಗೂ ಲೆಕ್ಕ ಹೇಳಿಕೊಟ್ಟರು. ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುವುದು ಅಷ್ಟಕ್ಕಷ್ಟೇ ಆಗಿತ್ತು. ಜಾರ್ಜ್ ಹದಿನೈದರ ಹುಡುಗನಾಗಿದ್ದಾಗ ಎರ್ಲಾಂಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲಾಂಗ್ಸ್‌ಡಾರ್ಫ್ ಆತನನ್ನು ಪರೀಕ್ಷಿಸಿ, ಈ ಬೀಗದವರ ಮನೆಯಿಂದ ಬರ್ನೂಲಿ ಸಹೋದರರಂಥ ಗಣಿತಜ್ಞರು ಬರಬಹುದು ಎಂಬ ಭರವಸೆ ತೋರಿದರಂತೆ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಬೀಗ ರಿಪೇರಿ ಅಂಗಡಿಗಳ ಮನೆಗಳಿಂದ ನಮ್ಮ ಕಾಲೇಜಿಗೆ ಬರುವವರು ಕಡಿಮೆಯೇನಿಲ್ಲ. ಈ ಮಾತನ್ನು ಇಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಮುಂದೆ ಓಮ್ ಅವರ ಪ್ರಯೋಗ ಗೆದ್ದದ್ದು ಗಣಿತದಿಂದ ಎಷ್ಟೋ, ತಂದೆಯ ಅಂಗಡಿಯಲ್ಲಿ ಕಲಿತ ಕೈಕೆಲಸದಿಂದಲೂ ಅಷ್ಟೇ.

ಹದಿನಾರನೆಯ ವಯಸ್ಸಿನಲ್ಲಿ, 1805ರಲ್ಲಿ, ವಿಶ್ವವಿದ್ಯಾಲಯ ಸೇರಿದರು. ಸೇರಿದ ಮೇಲೆ ಓದಿದ್ದಕ್ಕಿಂತ ಕುಣಿದದ್ದು, ಹಿಮದ ಮೇಲೆ ಜಾರಿದ್ದು, ಬಿಲಿಯರ್ಡ್ಸ್ ಆಡಿದ್ದೇ ಹೆಚ್ಚು. ಹೊಟ್ಟೆಬಟ್ಟೆ ಕಟ್ಟಿ ಓದಿಸುತ್ತಿದ್ದ ತಂದೆಗೆ ಸಿಟ್ಟು ಬಂತು, ಕಾಲೇಜು ಬಿಡಿಸಿದರು. 1806ರಲ್ಲಿ ಹುಡುಗ ಸ್ವಿಟ್ಜರ್ಲೆಂಡಿನ ಒಂದು ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋದ. ಅಲ್ಲಿಂದ ಅವರ ಬದುಕು ಗಂಭೀರವಾಯಿತು. ಹೈಡಲ್‌ಬರ್ಗ್‌ಗೆ ಹೋಗಿದ್ದ ಲಾಂಗ್ಸ್‌ಡಾರ್ಫ್ ಅವರ ಹಿಂದೆಯೇ ತಾನೂ ಬರುತ್ತೇನೆ ಎಂದು ಬರೆದಾಗ, ಗುರುಗಳು ಬೇಡ ಎಂದರು. ಆಯ್ಲರ್, ಲಾಪ್ಲಾಸ್, ಲಕ್ರುವಾ ಇವರ ಪುಸ್ತಕಗಳನ್ನು ತಾನಾಗಿಯೇ ಓದುವಂತೆ ಸಲಹೆ ಕೊಟ್ಟರು. ಓಮ್ ಪಾಠ ಮಾಡುತ್ತಾ, ಮನೆಪಾಠ ಹೇಳುತ್ತಾ, ಹಾಗೆಯೇ ಓದಿದರು. 1811ರಲ್ಲಿ ಊರಿಗೆ ಮರಳಿ ಅದೇ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲೇ ಉಪನ್ಯಾಸಕರೂ ಆದರು. ಆದರೆ ಸಂಬಳ ಹೊಟ್ಟೆ ತುಂಬಿಸುವಷ್ಟಿರಲಿಲ್ಲ. ಮೂರು ಸೆಮಿಸ್ಟರ್‌ಗೆ ಬಿಟ್ಟರು. ಆಮೇಲೆ ಬಾಂಬರ್ಗ್‌ನಲ್ಲಿ ಒಂದು ಕಳಪೆ ಶಾಲೆ, ಅದು ಮುಚ್ಚಿದ ಮೇಲೆ ಅದೇ ಊರಿನಲ್ಲಿ ಮಕ್ಕಳು ಕಿಕ್ಕಿರಿದ ಇನ್ನೊಂದು ಶಾಲೆ. ಹೀಗೆ ಮೂವತ್ತರ ಹತ್ತಿರ ಬಂದರು. ಹೇಳಿಕೊಳ್ಳುವಂಥದ್ದು ಒಂದು ರೇಖಾಗಣಿತದ ಪುಸ್ತಕ ಬಿಟ್ಟರೆ ಏನೂ ಇರಲಿಲ್ಲ.

1817ರಲ್ಲಿ ಕೊಲೋನ್ ನಗರದಿಂದ ಕರೆ ಬಂತು. ಹಿಂದೆ ಜೆಸ್ಯೂಟ್ ಪಾದ್ರಿಗಳು ಕಟ್ಟಿದ್ದ ಶಾಲೆ ಅದು, ಹೆಸರೂ ಅವರದೇ ಉಳಿದಿತ್ತು. ಓಮ್ ಪ್ರಾಟೆಸ್ಟೆಂಟರು, ಕ್ಯಾಥೊಲಿಕ್ ಹೆಸರಿನ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಒಂದು ಸಮುದಾಯ ನಡೆಸುವ ಕಾಲೇಜಿನಲ್ಲಿ ಎಲ್ಲ ಸಮುದಾಯದ ಗುರುಗಳೂ ಮಕ್ಕಳೂ ಇರುವುದು ನಮಗೇನೂ ಹೊಸದಲ್ಲ. ಆ ಶಾಲೆಯಲ್ಲಿ ಇದ್ದದ್ದು, ಅವರು ಮೊದಲು ಕೆಲಸ ಮಾಡಿದ ಕಡೆ ಇಲ್ಲದಿದ್ದದ್ದು, ಒಂದು ಒಳ್ಳೆಯ ಪ್ರಯೋಗಾಲಯ. ಅವರ ತರಗತಿಯಲ್ಲಿ ಕುಳಿತು ಪಾಠ ಕೇಳಿದ ಹುಡುಗರಲ್ಲಿ ಒಬ್ಬ ಡಿರಿಷ್ಲೆ, ಮುಂದೆ ದೊಡ್ಡ ಗಣಿತಜ್ಞನಾದವನು. ಒಬ್ಬ ಹೈಸ್ಕೂಲ್ ಮೇಷ್ಟ್ರಿಗೆ ಇದಕ್ಕಿಂತ ಬಿರುದು ಬೇಕಿಲ್ಲ ಎನ್ನಬಹುದು. ಓಮ್ ಅವರಿಗೆ ಬೇಕಿತ್ತು. ವಿಶ್ವವಿದ್ಯಾಲಯದ ಪೀಠ ಅವರ ಕನಸು, ಅದಕ್ಕೆ ಹೊಸದೇನಾದರೂ ಕಂಡುಹಿಡಿದು ತೋರಿಸಲೇಬೇಕಿತ್ತು.

1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿ ಮುಳ್ಳು ತಿರುಗುವುದನ್ನು ತೋರಿಸಿದರು. ಅಂದರೆ ಪ್ರವಾಹವನ್ನು ಅಳೆಯುವ ದಾರಿ ತೆರೆಯಿತು: ಮುಳ್ಳು ಹೆಚ್ಚು ತಿರುಗಿದರೆ ಪ್ರವಾಹ ಹೆಚ್ಚು. ಓಮ್ ಕೇಳಿಕೊಂಡ ಪ್ರಶ್ನೆ ನೇರವಾದದ್ದು. ತಂತಿ ಉದ್ದವಾದಷ್ಟೂ ಪ್ರವಾಹ ಎಷ್ಟು ಕಡಿಮೆಯಾಗುತ್ತದೆ? ಇಂದು ಯಾವ ವಿದ್ಯಾರ್ಥಿಯೂ ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಾನೆ. ಆಗ ಪ್ರವಾಹ ಯಾವುದು, ವಿಭವಾಂತರ ಯಾವುದು, ಎರಡಕ್ಕೂ ಏನು ವ್ಯತ್ಯಾಸ ಎಂಬುದೇ ಯಾರಿಗೂ ಸ್ಪಷ್ಟವಿರಲಿಲ್ಲ. ಆಮ್‌ಮೀಟರ್ ಇಲ್ಲ, ವೋಲ್ಟ್‌ಮೀಟರ್ ಇಲ್ಲ, ಅಂಗಡಿಯಲ್ಲಿ ಒಂದೇ ದಪ್ಪದ ತಂತಿ ಸಿಗುವುದೂ ಕಷ್ಟ.

ಮೊದಲ ಪ್ರಯತ್ನ, 1825ರದು, ತಪ್ಪಾಯಿತು. ಆ ತಪ್ಪನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇವತ್ತಿನ ಬ್ಯಾಟರಿ ಎಂಜಿನಿಯರ್‌ಗಳ ಇಡೀ ತಲೆನೋವು ಅದರಲ್ಲೇ ಇದೆ. ಓಮ್ ಬಳಸಿದ್ದು ವೋಲ್ಟಾ ಮಾದರಿಯ ಬ್ಯಾಟರಿ: ಎರಡು ಲೋಹಗಳು, ನಡುವೆ ಆಮ್ಲ. ತಂತಿ ಜೋಡಿಸಿದ ಕೂಡಲೇ ಮುಳ್ಳು ಜೋರಾಗಿ ತಿರುಗುತ್ತಿತ್ತು, ಆಮೇಲೆ ಕುಸಿಯುತ್ತಿತ್ತು. ತಂತಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಬ್ಯಾಟರಿ ಚೇತರಿಸಿಕೊಳ್ಳುತ್ತಿತ್ತು. ಅಳೆಯುವ ಕೋಲೇ ಅಳತೆಯ ನಡುವೆ ಹಿಗ್ಗಿ ಕುಗ್ಗಿದರೆ ಬಟ್ಟೆಯ ಉದ್ದ ಹೇಗೆ ಗೊತ್ತಾಗಬೇಕು? ಆ ಅಂಕಿಗಳಿಂದ ಅವರು ಲಾಗರಿದಮ್ ಇರುವ ಒಂದು ಸೂತ್ರ ಹೊಸೆದು ಪ್ರಕಟಿಸಿಯೂಬಿಟ್ಟರು. ತಂತಿಯ ತಪ್ಪಲ್ಲ, ಬ್ಯಾಟರಿಯದು. ಬ್ಯಾಟರಿ ಎಂದರೆ ಬರೀ ವಿದ್ಯುಚ್ಚಾಲಕ ಬಲವಲ್ಲ. ಅದರ ಹೊಟ್ಟೆಯೊಳಗೇ ಒಂದು ರೋಧವಿದೆ, ಆ ಹೊಟ್ಟೆಯ ಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಪತ್ರಿಕೆಯ ಸಂಪಾದಕರಾಗಿದ್ದ ಪೊಗೆಂಡಾರ್ಫ್ ಒಂದು ಉಪಾಯ ಹೇಳಿದರು: ಬ್ಯಾಟರಿಯನ್ನೇ ಬಿಟ್ಟುಬಿಡಿ, ಉಷ್ಣಯುಗ್ಮ ಬಳಸಿ. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಪ್ರವಾಹ ಹರಿಯುತ್ತದೆ ಎಂದು ಸೀಬೆಕ್ 1821ರಲ್ಲಿ ಕಂಡುಹಿಡಿದಿದ್ದರು. ಓಮ್ ಬಿಸ್ಮತ್ ಮತ್ತು ತಾಮ್ರದ ಯುಗ್ಮ ಮಾಡಿದರು. ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ತುದಿ ಮಂಜುಗಡ್ಡೆಯಲ್ಲಿ. ನೀರು ಕುದಿಯುವವರೆಗೆ, ಮಂಜು ಕರಗಿ ಮುಗಿಯದವರೆಗೆ ಎರಡೂ ತುದಿಯ ತಾಪ ಕದಲುವುದಿಲ್ಲ, ಆದ್ದರಿಂದ ಒತ್ತಡವೂ ಕದಲುವುದಿಲ್ಲ. ಕಾಂತದ ಮುಳ್ಳನ್ನು ಒಂದು ತೆಳುವಾದ ಚಿನ್ನದ ಪಟ್ಟಿಯಿಂದ ನೇತುಹಾಕಿ, ಅದು ತಿರುಗಿದಷ್ಟನ್ನು ಮೇಲಿನಿಂದ ತಿರುಚಿ ಸರಿದೂಗಿಸಿ ಅಳೆಯುವ ತಕ್ಕಡಿಯನ್ನು ತಾವೇ ಕಟ್ಟಿದರು. ಚಿನ್ನದ ಗಣಿಯ ಜಿಲ್ಲೆಯವರಾದ ನಮಗೆ ಈ ಚಿನ್ನದ ಪಟ್ಟಿ ಕಣ್ಣಿಗೆ ಬೀಳದೆ ಇರದು. ಒಡವೆಯಾಗಿ ಅಲ್ಲ, ಉಪಕರಣವಾಗಿ. ಬೀಗದ ಅಂಗಡಿಯ ಕೈ ಇಲ್ಲಿ ಕೆಲಸಕ್ಕೆ ಬಂತು.

1826ರ ಜನವರಿಯಲ್ಲಿ ಅಳತೆಗಳು ಶುರುವಾದವು. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳು, ಉದ್ದ 2, 4, 6, 10, 18, 34, 66 ಮತ್ತು 130 ಅಂಗುಲ. ಒಂದೊಂದಕ್ಕೂ ಮುಳ್ಳಿನ ಬಲ ಎಷ್ಟೆಂದು ಬರೆದುಕೊಂಡರು. ಹೊಂದಿಕೊಂಡ ಸೂತ್ರ ಒಂದೇ ಸಾಲಿನದು: ಬಲ ಎಂದರೆ ಒಂದು ಸ್ಥಿರ ಸಂಖ್ಯೆಯನ್ನು, ಇನ್ನೊಂದು ಸ್ಥಿರ ಸಂಖ್ಯೆ ಮತ್ತು ತಂತಿಯ ಉದ್ದದ ಮೊತ್ತದಿಂದ ಭಾಗಿಸಿದ್ದು. ಒಂದು ದಿನದ ಅಳತೆಗೆ ಮೊದಲ ಸಂಖ್ಯೆ 7285, ಎರಡನೆಯದು 20.25. ಕ್ಯಾಲ್ಕುಲೇಟರ್ ಇದ್ದವರು ಈಗಲೇ ನೋಡಬಹುದು. 2 ಅಂಗುಲದ ತಂತಿಗೆ 7285ನ್ನು 22.25ರಿಂದ ಭಾಗಿಸಿದರೆ ಸುಮಾರು 327.4, ಓಮ್ ಅಳೆದದ್ದು 326.75. 34 ಅಂಗುಲಕ್ಕೆ ಲೆಕ್ಕ 134.3, ಅಳತೆ 134.5. 130 ಅಂಗುಲಕ್ಕೆ ಲೆಕ್ಕವೂ ಅಳತೆಯೂ 48.5. ಇನ್ನೂರು ವರ್ಷಗಳ ಹಿಂದೆ, ಕೈಯಲ್ಲಿ ಮಾಡಿದ ತಕ್ಕಡಿಯಲ್ಲಿ! ನಮ್ಮ ಪ್ರಾಯೋಗಿಕ ಪುಸ್ತಕಗಳಲ್ಲಿ ಇಷ್ಟು ಚೆಂದದ ಅಂಕಿ ಬಂದರೆ ಪಕ್ಕದವರದ್ದು ನಕಲು ಮಾಡಿದ್ದಾರೆಂದು ಅನುಮಾನ ಬರುವುದು ಸಹಜ.

ಆ 20.25 ಏನು? ತಂತಿ ಬಿಟ್ಟು ಉಳಿದ ಮಂಡಲದ ರೋಧ, ಮುಖ್ಯವಾಗಿ ಆಕರದ ಒಳಗಿನದು, ಅಂಗುಲಗಳ ಲೆಕ್ಕದಲ್ಲಿ. ಬಿಸಿ ತುದಿಯ ತಾಪ ಇಳಿಸಿದಾಗ 7285ರ ಜಾಗದ ಸಂಖ್ಯೆ ಇಳಿಯಿತು, 20.25 ಮಾತ್ರ ಹಾಗೆಯೇ ನಿಂತಿತು. ಅಂದರೆ ಮೊದಲನೆಯದು ತಳ್ಳುವ ಬಲ, ಎರಡನೆಯದು ತಡೆಯುವ ಗುಣ, ಇವೆರಡೂ ಬೇರೆ ಬೇರೆ. ನಾವು ತರಗತಿಯಲ್ಲಿ ಕಲಿಯುವ ವಿದ್ಯುಚ್ಚಾಲಕ ಬಲ ಮತ್ತು ಆಂತರಿಕ ರೋಧ ಇವೇ. ಒಂದು ಆಕರವನ್ನು ಒಂದು ಬಲ ಮತ್ತು ಅದರ ಸಾಲಿನಲ್ಲಿ ಒಂದು ರೋಧ ಎಂದು ಕಾಗದದ ಮೇಲೆ ಬರೆಯುವ ಪದ್ಧತಿಯ ಬೇರು ಇಲ್ಲಿದೆ.

ಅದೇ ವರ್ಷ ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್‌ನಲ್ಲಿ ತಮ್ಮ ಮಾರ್ಟಿನ್ ಇದ್ದ ಕಡೆಗೆ ಹೋದ ಓಮ್, 1827ರಲ್ಲಿ ವಿದ್ಯುನ್ಮಂಡಲದ ಗಣಿತವನ್ನು ಕುರಿತ ತಮ್ಮ ಪುಸ್ತಕ ಹೊರತಂದರು. ಅದರ ಗಣಿತವನ್ನು ಅವರು ತೆಗೆದುಕೊಂಡದ್ದು ಶಾಖದಿಂದ. ಫ್ರಾನ್ಸಿನ ಫೂರಿಯೆ 1822ರಲ್ಲಿ ಲೋಹದ ಸಲಾಕೆಯಲ್ಲಿ ಶಾಖ ಹೇಗೆ ಹರಿಯುತ್ತದೆ ಎಂದು ಬರೆದಿದ್ದರು: ಎರಡು ಕಡೆಯ ತಾಪದ ವ್ಯತ್ಯಾಸ ಹೆಚ್ಚಿದ್ದಷ್ಟೂ ಶಾಖದ ಹರಿವು ಹೆಚ್ಚು. ತಾಪದ ಜಾಗದಲ್ಲಿ ವಿದ್ಯುತ್ತಿನ ಒತ್ತಡ ಇಡಿ, ಶಾಖದ ಜಾಗದಲ್ಲಿ ವಿದ್ಯುತ್ತು ಇಡಿ, ಸಮೀಕರಣ ಅದೇ. ವಿದ್ಯುತ್ತೂ ಶಾಖವೂ ಒಂದೇ ಗಣಿತದಲ್ಲಿ ನಡೆಯುತ್ತವೆ ಎಂದು ಕಂಡದ್ದು ನನ್ನ ಮಟ್ಟಿಗೆ ಅವರ ನಿಯಮಕ್ಕಿಂತಲೂ ದೊಡ್ಡದು.

ಪುಸ್ತಕ ಬಂತು, ಪೀಠ ಬರಲಿಲ್ಲ. ಬರ್ಲಿನ್‌ನಲ್ಲಿ ಆಗ ಹೆಗೆಲ್ ಅವರ ತತ್ತ್ವಶಾಸ್ತ್ರದ ಗಾಳಿ. ಪ್ರಕೃತಿಯನ್ನು ಚಿಂತನೆಯಿಂದಲೇ ಅರಿಯಬಹುದು ಎನ್ನುವವರಿಗೆ ತಂತಿಯ ಉದ್ದ ಅಳೆದು ಸೂತ್ರ ಬರೆಯುವ ಮೇಷ್ಟ್ರು ಹಿಡಿಸಲಿಲ್ಲ. ಪ್ರಯೋಗ ಮಾಡುವವರಿಗೆ ಪುಸ್ತಕದ ತುಂಬ ಇದ್ದ ಗಣಿತ ಹಿಡಿಸಲಿಲ್ಲ. ವಿಮರ್ಶೆಗಳು ಕಟುವಾಗಿದ್ದವು, ಶಿಕ್ಷಣ ಇಲಾಖೆಯವರ ಮುಖವೂ ಸಿಹಿಯಾಗಿರಲಿಲ್ಲ. 1828ರ ಮಾರ್ಚ್‌ನಲ್ಲಿ ಓಮ್ ಕೊಲೋನ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಗ ಅವರಿಗೆ ಮೂವತ್ತೊಂಬತ್ತು. ಒಳ್ಳೆಯ ಪ್ರಯೋಗಾಲಯವಿದ್ದ ಖಾಯಂ ಕೆಲಸ ಬಿಟ್ಟದ್ದು ಸರಿಯೇ? ದುಡುಕು ಎಂದೇ ನನಗೆ ಅನ್ನಿಸುತ್ತದೆ. ಆಮೇಲಿನ ಐದಾರು ವರ್ಷ ಬರ್ಲಿನ್‌ನ ಸೈನಿಕ ಶಾಲೆಯಲ್ಲಿ ವಾರಕ್ಕೆ ಕೆಲವು ಗಂಟೆ ಗಣಿತ ಹೇಳಿಕೊಂಡು ದಿನ ನೂಕಿದರು. ಪ್ರಯೋಗಗಳು ಬಹುಪಾಲು ನಿಂತವು. ಮದುವೆಯಾಗಲಿಲ್ಲ. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್‌ನಲ್ಲಿ ಕೆಲಸ ಸಿಕ್ಕಿತು. ಪ್ರಾಧ್ಯಾಪಕರೆಂಬ ಹೆಸರು ಬಂತು, ವಿಶ್ವವಿದ್ಯಾಲಯ ಮಾತ್ರ ಇನ್ನೂ ದೂರವೇ.

ಮನ್ನಣೆ ಹೊರಗಿನಿಂದ ಬಂತು. ಲೈಪ್‌ಜಿಗ್‌ನ ಫೆಕ್ನರ್ 1831ರಲ್ಲೇ ಸಾಕಷ್ಟು ಪ್ರಯೋಗ ಮಾಡಿ ನಿಯಮ ಸರಿಯೆಂದು ತೋರಿಸಿದ್ದರು. ಫ್ರಾನ್ಸಿನ ಪುಯೆ ಅದೇ ಫಲಿತಾಂಶಕ್ಕೆ ಬಂದರು. ತಂತಿ ಸಂದೇಶದ ಕಾಲ ಬಂದಾಗ ಎಷ್ಟು ಮೈಲಿ ತಂತಿಗೆ ಎಷ್ಟು ಬ್ಯಾಟರಿ ಬೇಕು ಎಂಬ ಲೆಕ್ಕಕ್ಕೆ ಓಮ್ ಇಲ್ಲದೆ ಕೈ ಆಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು, ಮರುವರ್ಷ ವಿದೇಶಿ ಸದಸ್ಯರನ್ನಾಗಿ ಮಾಡಿಕೊಂಡಿತು. ಅಲ್ಲಿಯವರೆಗೆ ತನ್ನ ನಾಡಿಗೆ ತನ್ನ ಮೇಷ್ಟ್ರು ಯಾರೆಂದು ಗೊತ್ತಿರಲಿಲ್ಲ. 1852ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಮ್ಯೂನಿಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪೀಠ ಸಿಕ್ಕಿತು. ಅದರಲ್ಲಿ ಕುಳಿತದ್ದು ಎರಡೇ ವರ್ಷ.

ಈಗ ಸ್ಕೂಟರ್‌ಗೆ ಬರೋಣ. ನಮ್ಮ ಜಿಲ್ಲೆಯ ನರಸಾಪುರದ ಹೋಂಡಾ ಕಾರ್ಖಾನೆಯಲ್ಲೇ ಎಲೆಕ್ಟ್ರಿಕ್ ಆಕ್ಟಿವಾ ತಯಾರಾಗಿದೆ, ಆದ್ದರಿಂದ ಇದು ದೂರದ ಮಾತಲ್ಲ. ಹದಿನಾಲ್ಕು ಲಿಥಿಯಂ ಅಯಾನ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 52 ವೋಲ್ಟ್. ಲೆಕ್ಕಕ್ಕಾಗಿ ಇಡೀ ಪೆಟ್ಟಿಗೆಯ ಆಂತರಿಕ ರೋಧ 0.05 ಓಮ್ ಎಂದು ಇಟ್ಟುಕೊಳ್ಳೋಣ. ಸಮತಟ್ಟು ರಸ್ತೆಯಲ್ಲಿ 20 ಆಂಪಿಯರ್ ಹರಿದರೆ ಒಳಗೆ ಕಳೆದುಹೋಗುವುದು 1 ವೋಲ್ಟ್, ಶಾಖವಾಗುವುದು 20 ವ್ಯಾಟ್. ಕುರುಡುಮಲೆ ಕಡೆ ಇಬ್ಬರು ಕುಳಿತು ಏರು ಹತ್ತುವಾಗ 60 ಆಂಪಿಯರ್ ಎಳೆದರೆ ಕಳೆಯುವುದು 3 ವೋಲ್ಟ್, ಶಾಖ 180 ವ್ಯಾಟ್. ಪ್ರವಾಹ ಮೂರು ಪಟ್ಟು, ಶಾಖ ಒಂಬತ್ತು ಪಟ್ಟು. ಈ ವರ್ಗದ ಲೆಕ್ಕ 1840ರ ಹೊತ್ತಿಗೆ ಇಂಗ್ಲೆಂಡಿನ ಜೂಲ್ ಕಂಡುಹಿಡಿದದ್ದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ನಮ್ಮ ಕೋಲಾರ ಚಿನ್ನದ ಗಣಿಗೆ ಹತ್ತಾರು ಸಾವಿರ ವೋಲ್ಟ್‌ನಲ್ಲಿ ವಿದ್ಯುತ್ ತಂದದ್ದೂ ಇದೇ ಕಾರಣಕ್ಕೆ: ವೋಲ್ಟ್ ಹೆಚ್ಚಿಸಿದರೆ ಪ್ರವಾಹ ಇಳಿಯುತ್ತದೆ, ದಾರಿಯಲ್ಲಿ ಶಾಖವಾಗಿ ಪೋಲಾಗುವುದು ಅದಕ್ಕಿಂತ ಬೇಗ ಇಳಿಯುತ್ತದೆ.

ಆದರೆ ಲಿಥಿಯಂ ಸೆಲ್‌ನ ಆಂತರಿಕ ರೋಧ ಓಮ್ ಅವರ 20.25ರಂತೆ ನಿಂತಲ್ಲಿ ನಿಲ್ಲುವುದಿಲ್ಲ, ಅವರ 1825ರ ಆಮ್ಲದ ಬ್ಯಾಟರಿಯಂತೆ ಕದಲುತ್ತದೆ. ಚಾರ್ಜ್ ಎಷ್ಟಿದೆ ಎಂಬುದರ ಮೇಲೆ, ಸೆಲ್‌ನ ವಯಸ್ಸಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಾಪದ ಮೇಲೆ. ತಾಮ್ರದ ತಂತಿ ಕಾದರೆ ರೋಧ ಏರುತ್ತದೆ ಎಂದು ಕಲಿತಿದ್ದೀರಿ. ಸೆಲ್‌ನಲ್ಲಿ ಉಲ್ಟಾ: ಚಳಿಯಲ್ಲಿ ಒಳಗಿನ ದ್ರವದಲ್ಲಿ ಅಯಾನ್‌ಗಳು ಕಷ್ಟಪಟ್ಟು ಚಲಿಸುತ್ತವೆ, ರೋಧ ಹೆಚ್ಚು. ಬಿಸಿಯಾದರೆ ಸಲೀಸು, ರೋಧ ಕಡಿಮೆ. ಹಾಗಾದರೆ ಬಿಸಿ ಒಳ್ಳೆಯದೇ? ಒಂದು ಮಿತಿಯವರೆಗೆ ಮಾತ್ರ. ಹೆಚ್ಚು ತಾಪದಲ್ಲಿ ಸೆಲ್ ಬೇಗ ಮುದಿಯಾಗುತ್ತದೆ, ಇನ್ನೂ ಮೀರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳೇ ಶಾಖ ಉಗುಳತೊಡಗುತ್ತವೆ, ಆ ಶಾಖ ಕ್ರಿಯೆಯನ್ನು ಇನ್ನಷ್ಟು ಕೆರಳಿಸುತ್ತದೆ. ಆಮೇಲೆ ಸ್ವಿಚ್ ಆರಿಸಿಯೂ ಪ್ರಯೋಜನವಿಲ್ಲ.

ಅದಕ್ಕಾಗಿ ಬ್ಯಾಟರಿಯನ್ನು ಕಟ್ಟುವ ಮೊದಲೇ ಕಂಪ್ಯೂಟರ್‌ನಲ್ಲಿ ಎರಡು ಮಾದರಿಗಳನ್ನು ಜೋಡಿಯಾಗಿ ಓಡಿಸುತ್ತಾರೆ. ಒಂದು ವಿದ್ಯುತ್ತಿನದು: ಓಮ್ ಅವರ ಬಲ ಮತ್ತು ರೋಧ, ಅದರ ಜೊತೆಗೆ ರೋಧ ಮತ್ತು ಕೆಪಾಸಿಟರ್‌ನ ಒಂದೆರಡು ಜೋಡಿ. ಹೊರೆ ಇಳಿಸಿದ ಮೇಲೆ ವೋಲ್ಟೇಜ್ ನಿಧಾನವಾಗಿ ಚೇತರಿಸಿಕೊಳ್ಳುವುದನ್ನು ತೋರಿಸುವುದು ಈ ಜೋಡಿಗಳ ಕೆಲಸ. ಇನ್ನೊಂದು ಶಾಖದ್ದು: ಹುಟ್ಟಿದ ಶಾಖವೆಷ್ಟು, ಸೆಲ್‌ನ ಮೈಯಿಂದ ಗಾಳಿಗೆ ಹೋದದ್ದೆಷ್ಟು, ಉಳಿದು ತಾಪ ಏರಿಸಿದ್ದೆಷ್ಟು. ಇದು ಫೂರಿಯೆ ಅವರ ಲೆಕ್ಕ. ಮೊದಲ ಮಾದರಿ ಎರಡನೆಯದಕ್ಕೆ ಶಾಖ ಕೊಡುತ್ತದೆ, ಎರಡನೆಯದು ಮೊದಲನೆಯದಕ್ಕೆ ತಾಪ ಹೇಳುತ್ತದೆ, ಅದರಂತೆ ರೋಧ ಬದಲಾಗುತ್ತದೆ, ಮತ್ತೆ ಲೆಕ್ಕ. ಸ್ಕೂಟರ್ ಓಡುವಾಗಲೂ ಅದರೊಳಗಿನ ಪುಟ್ಟ ನಿಯಂತ್ರಣ ಫಲಕ ಇಂಥ ಲೆಕ್ಕವನ್ನು ಚಿಕ್ಕದಾಗಿ ಮಾಡುತ್ತಲೇ ಇರುತ್ತದೆ. ಉಳಿದ ಕಿಲೋಮೀಟರ್ ಎಷ್ಟೆಂದು ತೋರಿಸುವುದರ ಹಿಂದೆ ಇರುವುದೂ ಅದೇ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು ನಮಗೆ ಹತ್ತಿರದ ಸುದ್ದಿ. 2022ರ ಮಾರ್ಚ್‌ನಲ್ಲಿ ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರ್‌ಗೆ ಬೆಂಕಿ ಹತ್ತಿ, ಹೊಗೆಯಲ್ಲಿ ತಂದೆಯೂ ಮಗಳೂ ತೀರಿಕೊಂಡರು. ಆ ಬೇಸಿಗೆಯಲ್ಲಿ ದೇಶದ ಬೇರೆ ಕಡೆಯೂ ಸ್ಕೂಟರ್‌ಗಳು ಉರಿದವು. ಕೇಂದ್ರ ಸರ್ಕಾರ ಎಐಎಸ್ 156 ಎಂಬ ಸುರಕ್ಷತಾ ನಿಯಮವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೆ ತಂದಿತು. ಏರು ಹತ್ತಿ ಮನೆಗೆ ಬಂದ ಕೂಡಲೇ ಕಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ಬಿಡಿ, ಮಲಗುವ ಕೋಣೆಯಲ್ಲೂ ಬಾಗಿಲಿಗೆ ಅಡ್ಡವಾಗಿಯೂ ಇಡಬೇಡಿ ಎಂದು ಮನೆಯಲ್ಲಿ ಅಬ್ಬ, ಅಮ್ಮಿ, ಅಣ್ಣಂದಿರಿಗೆ ಹೇಳಿ. ಕಾರಣ ಕೇಳಿದರೆ ವಿವರಿಸುವಷ್ಟು ಭೌತಶಾಸ್ತ್ರ ನಿಮಗೆ ಬರುತ್ತದೆ.

ಓಮ್ 1854ರ ಜುಲೈ 6ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯನ್ನು ಪ್ಲಾಂಟೆ ಮಾಡಿದ್ದು ಐದು ವರ್ಷಗಳ ನಂತರ, 1859ರಲ್ಲಿ. ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. 1879ರಲ್ಲಿ ಮ್ಯಾಕ್ಸ್‌ವೆಲ್, ಇಂಗ್ಲೆಂಡಿನ ಕ್ಯಾವೆಂಡಿಶ್ ಅವರ ಹಳೆಯ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದಾಗ ಒಂದು ವಿಚಿತ್ರ ಗೊತ್ತಾಯಿತು: ಓಮ್ ಹುಟ್ಟುವ ಮೊದಲೇ ಕ್ಯಾವೆಂಡಿಶ್ ತಮ್ಮ ಮೈಗೆ ಶಾಕ್ ಹೊಡೆಸಿಕೊಂಡು, ಅದರ ಜೋರನ್ನೇ ಅಳತೆಯಾಗಿ ಹಿಡಿದು ಈ ನಿಯಮದ ಹತ್ತಿರ ಬಂದಿದ್ದರು, ಯಾರಿಗೂ ಹೇಳಿರಲಿಲ್ಲ. ಹೆಸರು ಮಾತ್ರ ಬರೆದು ಪ್ರಕಟಿಸಿದವರದ್ದೇ ಉಳಿಯಿತು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ರೋಧದ ಏಕಮಾನಕ್ಕೆ ಓಮ್ ಎಂಬ ಹೆಸರನ್ನು ಒಪ್ಪಿಕೊಂಡಿತು. ರೋಧದ ವಿಲೋಮಕ್ಕೆ ಬಹುಕಾಲ ಅದೇ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಮೋ ಎನ್ನುತ್ತಿದ್ದರು, ಈಗ ಸೀಮೆನ್ಸ್ ಎನ್ನುತ್ತೇವೆ. ಪರೀಕ್ಷೆಯಲ್ಲಿ ಎರಡನೆಯದನ್ನೇ ಬರೆಯಿರಿ.